ಮೇಷ್ಟ್ರ ಬಲಗಾಲು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಓಡುವ ಗ್ರಹಚಾರ ಅಂಟಿಕೊಂಡದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಐವತ್ತು ದಾಟಿದ ಡ್ರೈವಿಂಗ್ ಶಿಕ್ಷಕರೆಲ್ಲ ಡಾಕ್ಟರ ಎದುರು ಟ್ರೆಡ್‌ಮಿಲ್ ಹತ್ತಬೇಕು, ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಐದು ನಿಮಿಷ ಓಡಬೇಕು, ಕೈಕಾಲು ನೆಟ್ಟಗಿವೆಯೆಂದು ಸರ್ಟಿಫಿಕೇಟ್ ತರಬೇಕು, ಆಮೇಲೆಯೇ ಕಲಿಸುವ ಲೈಸೆನ್ಸು ಎಂದು ಲೈಸೆನ್ಸ್ ಆಫೀಸಿನವರು ಹೊಸ ನಿಯಮ ಮಾಡಿದ್ದರು. "ಕಾರು ಕಲಿಸೋನು ಯಾಕೆ ಸ್ವಾಮಿ ಓಡ್ಬೇಕು?" ಎಂದು ಮೇಷ್ಟ್ರು ಅಲ್ಲಿನ ಗುಮಾಸ್ತನನ್ನು ಕೇಳಿದ್ದರು. "ಪ್ರಶ್ನೆ ಕೇಳೋ ಕೌಂಟರ್ ಪಕ್ಕದ್ದು, ಅದು ಇವತ್ತು ಮುಚ್ಚಿದೆ" ಎಂದು ಅವನು ತಲೆಯೆತ್ತದೆ ಹೇಳಿದ್ದ.

ಹಳೆಯ ಲೈಸೆನ್ಸಿನ ಗಡುವು ಈ ದಿನ ಸಂಜೆ ಮುಗಿಯುತ್ತಿತ್ತು. ಅಷ್ಟರೊಳಗೆ ಸರ್ಟಿಫಿಕೇಟ್ ಕೊಡದಿದ್ದರೆ ನಾಳೆಯಿಂದ ಸ್ಕೂಲಿಗೆ ಬೀಗ, ಮೇಷ್ಟ್ರಿಗೆ ಮನೆ. ಮನೆಯೆಂದರೆ ಹೆಂಡತಿಯ ಕೈಕೆಳಗೆ ಪೂರ್ಣಾವಧಿ ಸಹಾಯಕನ ಕೆಲಸ. ಆ ಹುದ್ದೆಗೆ ಯಾವ ಫಿಟ್ನೆಸ್ ಪರೀಕ್ಷೆಯೂ ಇಲ್ಲ, ನಿವೃತ್ತಿಯೂ ಇಲ್ಲ ಎಂಬುದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗೆಂದು ಅವರು ಕೈಕಟ್ಟಿ ಕೂತವರಲ್ಲ. ಒಂದು ತಿಂಗಳಿಂದ ಬೇಕರಿಯ ಮೇಲಿನ ಮಹಡಿಯ ಜಿಮ್ಮಿಗೆ ಹೋಗುತ್ತಿದ್ದರು. ನಾಲ್ಕರ ವೇಗಕ್ಕೆ ನಡೆದರು, ಆರಕ್ಕೆ ಜೋರಾಗಿ ನಡೆದರು, ಏಳಕ್ಕೆ ಓಡಿದರು. ಉಸಿರು ಸರಿಯಿತ್ತು, ಮಂಡಿಯೂ ಮಾತು ಕೇಳುತ್ತಿತ್ತು. ತಕರಾರೆಲ್ಲ ಬಲಗಾಲಿನದು. ವೇಗ ಎಂಟು ಮುಟ್ಟಿತೆಂದರೆ ಅದು ಮೇಷ್ಟ್ರನ್ನು ಕೇಳದೆ ಧಡ್ಡನೆ ಬ್ರೇಕ್ ಹಾಕುತ್ತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರಿಗೆ, ಇನ್ನೊಂದು ಬದುಕಬೇಕೆಂದಿರುವವರಿಗೆ. ಆ ಎರಡನೆಯದರ ಮೇಲೆ ಮೇಷ್ಟ್ರ ಬಲಗಾಲು ಇಪ್ಪತ್ತೆರಡು ವರ್ಷ ಊರಿನ ಜನರನ್ನು, ಗೋಡೆಗಳನ್ನು, ಬೀದಿನಾಯಿಗಳನ್ನು ಕಾಪಾಡುತ್ತ ಬಂದಿತ್ತು. ಈಗ ಅದಕ್ಕೆ ಕಾರಿನೊಳಗೆ, ಹೊರಗೆ ಎಂಬ ಭೇದವೇ ಉಳಿದಿರಲಿಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿಗೆ ಒದೆಯುತ್ತಿತ್ತು. ನಿದ್ದೆಯಲ್ಲೂ ಒದೆಯುತ್ತದೆಂದು ಹೆಂಡತಿ ಮಧ್ಯೆ ಎರಡು ದಿಂಬು ಇಟ್ಟುಕೊಂಡಿದ್ದಳು.

"ಇವತ್ತಾದ್ರೂ ಆ ಕಾಲಿಗೆ ಬುದ್ಧಿ ಹೇಳಿ ಕರ್ಕೊಂಡು ಹೋಗಿ. ನಾಳೆಯಿಂದ ನೀವು ಮನೇಲೇ ಇರೋದಾದ್ರೆ ನಾನೇ ಹೊರಗೆ ಕೆಲಸಕ್ಕೆ ಸೇರ್ಕೋತೀನಿ" ಎಂದು ಆಕೆ ಬೆಳಿಗ್ಗೆ ಟವೆಲ್ ಕೈಗೆ ಕೊಡುತ್ತ ಹೇಳಿದಳು.

ಪರೀಕ್ಷೆ ಮಧ್ಯಾಹ್ನಕ್ಕಿತ್ತು. ಕೊನೆಯ ಬಾರಿ ಅಭ್ಯಾಸ ಮಾಡಿಬಿಡೋಣವೆಂದು ಮೇಷ್ಟ್ರು ಜಿಮ್ಮಿಗೆ ಹೋದರು. ಅಲ್ಲಿ ಟ್ರೆಡ್‌ಮಿಲ್ ಇದ್ದದ್ದು ಒಂದೇ, ಅದೂ ರಸ್ತೆಗೆ ಮುಖ ಮಾಡಿ, ದೊಡ್ಡ ಗಾಜಿನ ಎದುರಿಗೆ. ಓಡುವವರಿಗೆ ಬೇಸರ ಬಾರದಿರಲಿ ಎಂದು ಟ್ರೈನರ್ ಹಾಗಿಟ್ಟಿದ್ದ. ಅವನು ತೋಳಿನಲ್ಲಿ ಕಲ್ಲು ತುಂಬಿಕೊಂಡಂತಿದ್ದ ತರುಣ. ಜಗತ್ತಿನ ಎಲ್ಲ ಕಷ್ಟಕ್ಕೂ ಅವನ ಬಳಿ ಒಂದೇ ಔಷಧ, ಇನ್ನೂ ಸ್ವಲ್ಪ ಜಾಸ್ತಿ ಮಾಡುವುದು.

"ಎಂಟಕ್ಕೆ ಹಾಕ್ಲಾ ಮೇಷ್ಟ್ರೇ?"

"ನಿಧಾನ ಕಣಪ್ಪ, ನಿಧಾನ" ಎನ್ನುವಷ್ಟರಲ್ಲಿ ಅವನು ಗುಂಡಿ ಒತ್ತಿಯಾಗಿತ್ತು. ಅದೇ ಹೊತ್ತಿಗೆ ಎದುರಿನ ತಿರುವಿನಲ್ಲಿ ಒಂದು ಲಾರಿ ನೇರ ಮೇಷ್ಟ್ರ ಕಡೆ ತಿರುಗಿತು. ಬಲಗಾಲು ತನ್ನ ಕರ್ತವ್ಯ ಮಾಡಿತು. ಪಟ್ಟಿಯ ಮೇಲೆ ಕಾಲೂರಿ ನಿಂತ ಮೇಷ್ಟ್ರನ್ನು ಯಂತ್ರ ಅಂಗಡಿಯವನು ಸಾಮಾನು ಸರಿಸಿದಂತೆ ಹಿಂದಕ್ಕೆ ಸರಿಸಿ ಕೆಳಗೆ ಹಾಕಿತು. ಹಿಂದೆ ಚಾಪೆಯ ಮೇಲೆ ಅಂಗಾತ ಮಲಗಿ ಹೊಟ್ಟೆ ಕರಗಿಸುತ್ತಿದ್ದ ಬೇಕರಿಯವನ ಹೊಟ್ಟೆಯ ಮೇಲೆಯೇ ಮೇಷ್ಟ್ರು ಕೂತರು. ಒಂದು ತಿಂಗಳ ವ್ಯಾಯಾಮದಿಂದಲೂ ಅದು ಗಟ್ಟಿಯಾಗಿರಲಿಲ್ಲವಾದ್ದರಿಂದ ಇಬ್ಬರಿಗೂ ಪೆಟ್ಟಾಗಲಿಲ್ಲ.

"ಕನ್ನಡಿ ನೋಡಿದ್ರಾ?" ಎಂದ ಬೇಕರಿಯವನು, ಕೆಳಗಿನಿಂದಲೇ.

"ಏನು?"

"ಹಿಂದೆ ಬರೋವಾಗ ಕನ್ನಡಿ ನೋಡ್ಬೇಕು ಅಂತ ಎಷ್ಟು ಸಲ ಹೇಳ್ಬೇಕು ನಿಮ್ಗೆ? ತಲೇಲಿ ಏನು ತುಂಬ್ಕೊಂಡಿದೀರಿ, ಮೈದಾ ಹಿಟ್ಟಾ?"

ಹತ್ತು ವರ್ಷದ ಹಿಂದೆ ಮೇಷ್ಟ್ರೇ ಅವನಿಗೆ ಹೇಳಿದ್ದ ಮಾತು ಇದು. ಅಷ್ಟು ದಿನ ಅದನ್ನು ಕೆಡದಂತೆ ಕಾಪಾಡಿಕೊಂಡು ಬಂದಿದ್ದ ಅವನ ನೆನಪಿನ ಶಕ್ತಿಗೆ ಮೇಷ್ಟ್ರು ಒಳಗೊಳಗೇ ಬೆರಗಾದರು.

ಮೂಲೆಯಲ್ಲಿ ಸೈಕಲ್ ತುಳಿಯುತ್ತಿದ್ದ ಬ್ಯೂಟಿ ಪಾರ್ಲರಿನ ಅಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಆಕೆಯೂ ಮೇಷ್ಟ್ರ ಶಿಷ್ಯೆಯೇ. ಕ್ಲಚ್ ಬಿಡಲು ಬಾರದೆ ಅವರ ಬಾಯಿಂದ ಏನೇನೋ ಕೇಳಿಸಿಕೊಂಡು, ಕಣ್ಣಿನ ಕಾಡಿಗೆ ಗಲ್ಲಕ್ಕೆ ಇಳಿಯುವವರೆಗೆ ಅತ್ತವಳು. ಸೈಕಲ್ ಇಳಿದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮೇಷ್ಟ್ರೇ, ಎದುರಿಗೆ ರಸ್ತೆ ಕಾಣ್ತಿರೋದಕ್ಕೇ ನಿಮ್ಮ ಕಾಲು ಹಾಗಾಡ್ತಿದೆ. ಗಾಜು ಮುಚ್ಚಿಬಿಡೋಣ" ಎಂದಳು. ಮಾತು ಸರಿ ಅನ್ನಿಸಿತು. ಟ್ರೈನರನೂ ಶಿಷ್ಯರಿಬ್ಬರೂ ಸೇರಿ ಚಾಪೆಗಳನ್ನು ಗಾಜಿಗೆ ಅಂಟಿಸಿ ರಸ್ತೆಯನ್ನು ಮರೆಮಾಡಿದರು. ಮೇಷ್ಟ್ರು ಮತ್ತೆ ಹತ್ತಿದರು.

ಏಳು. ಏಳೂವರೆ. ಎಂಟು. ಬಲಗಾಲು ಸುಮ್ಮನಿತ್ತು. ಮೇಷ್ಟ್ರ ಮುಖದಲ್ಲಿ ನಗು ಮೂಡುವಷ್ಟರಲ್ಲಿ ಕೆಳಗೆ ಯಾವನೋ ಸ್ಕೂಟರಿನವನು ಹಾರ್ನ್ ಹೊಡೆದ. ಕಾಲು ಮತ್ತೆ ಧಡ್! ಈ ಸಲ ಅವರು ಬೀಳಲಿಲ್ಲ. ಮುಂದಿನ ಸರಳನ್ನು ತಬ್ಬಿಕೊಂಡರು. ತಬ್ಬುವಾಗ ಮೊಣಕೈ ಯಾವ ಗುಂಡಿಗೆ ತಗಲಿತೋ, ವೇಗ ಒಂಬತ್ತಾಯಿತು, ಹತ್ತಾಯಿತು, ಹನ್ನೊಂದಾಯಿತು. ಮೇಲಿನರ್ಧ ಮೇಷ್ಟ್ರು ಮುಂದೆ, ಕೆಳಗಿನರ್ಧ ಹಿಂದೆ. ಮಧ್ಯದಲ್ಲಿ ಅವರ ಪ್ಯಾಂಟು ಯಾವ ಕಡೆಗೆ ಸೇರಬೇಕೆಂದು ತೀರ್ಮಾನಿಸಲಾಗದೆ ಮೆಲ್ಲಗೆ ಕೆಳಗಿನ ಕಡೆಗೇ ಒಲಿಯಿತು. ಅದನ್ನು ಹಿಡಿದರೆ ಪ್ರಾಣ ಹೋಗುತ್ತದೆ, ಸರಳನ್ನು ಹಿಡಿದರೆ ಮಾನ ಹೋಗುತ್ತದೆ. ಮೇಷ್ಟ್ರು ಸಂಸಾರಸ್ಥರು, ಪ್ರಾಣವನ್ನೇ ಹಿಡಿದುಕೊಂಡರು.

"ನಿಲ್ಸೋ! ಲೋ, ನಿಲ್ಸೋ!"

"ಚೆನ್ನಾಗಿ ಬರ್ತಿದೆ ಮೇಷ್ಟ್ರೇ, ಹನ್ನೆರಡಕ್ಕೆ ಹಾಕ್ಲಾ?" ಎಂದ ಟ್ರೈನರ್.

ಗುರುಭಕ್ತಿಯಿಂದ ಪಾರ್ಲರಿನ ಅಕ್ಕ ಗೋಡೆಯ ಕಡೆ ತಿರುಗಿ ನಿಂತಳು. ಆದರೆ ಜಿಮ್ಮಿನ ಗೋಡೆಗೆಲ್ಲ ಕನ್ನಡಿ. ಕಡೆಗೆ ಬೇಕರಿಯವನೇ ಓಡಿಬಂದು ಯಂತ್ರದ ಮುಂದೆ ನೇತಾಡುತ್ತಿದ್ದ ಕೆಂಪು ದಾರವನ್ನು ಎಳೆದ. ಯಂತ್ರ ನಿಂತಿತು. ಮೇಷ್ಟ್ರು ಮೊದಲು ಪ್ಯಾಂಟನ್ನೂ ಆಮೇಲೆ ಉಸಿರನ್ನೂ ಮೇಲಕ್ಕೆಳೆದುಕೊಂಡರು.

ಅವರು ಬೆಂಚಿನ ಮೇಲೆ ಕುಸಿದು ಕೂತು ತಲೆಯ ಮೇಲೆ ಕೈಹೊತ್ತರು. ನಿಜಕ್ಕೂ ಅಳು ಬರುವಂತಾಗಿತ್ತು. ಇಪ್ಪತ್ತೆರಡು ವರ್ಷ ನಡೆಸಿದ ಸ್ಕೂಲು, ಅದೂ ತನ್ನದೇ ಕಾಲಿನಿಂದ ಮುಚ್ಚಿಹೋಗುತ್ತದಲ್ಲ ಎಂದು ಅವರಿಗೆ ಸಂಕಟವಾಯಿತು. ಅದನ್ನು ನೋಡಿ ಶಿಷ್ಯರಿಬ್ಬರ ಸೇಡೂ ಕರಗಿತು.

"ಒಂದು ಮಾತು ಕೇಳ್ತೀನಿ, ಬೈಬೇಡಿ" ಎಂದ ಬೇಕರಿಯವನು. "ನಾನು ಕಾರು ಕಲೀವಾಗ ಮೊದಲನೇ ದಿನಾನೇ ಪೇಟೆ ಮಧ್ಯೆ ಓಡ್ಸಿದ್ನಲ್ಲ, ನನಗ್ಯಾಕೆ ಭಯ ಆಗ್ಲಿಲ್ಲ ಗೊತ್ತಾ? ಬ್ರೇಕು ನಿಮ್ಮ ಹತ್ರ ಇತ್ತು. ಈಗ ನಿಮ್ಮ ಬ್ರೇಕು ಯಾರ ಹತ್ರ ಇದೆ?"

ಎಲ್ಲರೂ ಕೆಂಪು ದಾರವನ್ನು ನೋಡಿದರು.

ಈ ಸಲ ದಾರದ ತುದಿಯನ್ನು ಟ್ರೈನರ್ ಹಿಡಿದು ಪಕ್ಕದಲ್ಲಿ ನಿಂತ. "ಮೇಷ್ಟ್ರೇ, ನಿಲ್ಸೋ ಜವಾಬ್ದಾರಿ ನಂದು. ನಿಮ್ಮ ಕಾಲಿಗೆ ಇವತ್ತು ರಜೆ" ಎಂದ. ಮೇಷ್ಟ್ರು ಅನುಮಾನದಿಂದಲೇ ಓಡಲು ಶುರುಮಾಡಿದರು. ಎಂಟು ಬಂತು. ಕೆಳಗೆ ಹಾರ್ನ್ ಆಯಿತು. ಬಲಗಾಲು ಒಂದು ಕ್ಷಣ ಬಿಗಿಯಾಗಿ, ಅವನ ಕೈಯಲ್ಲಿದ್ದ ದಾರವನ್ನು ನೆನೆದು, ಸಡಿಲಾಯಿತು. ಒಂಬತ್ತು ಬಂತು. ಹತ್ತು ಬಂತು. ಪಾರ್ಲರಿನ ಅಕ್ಕ ಗಾಜಿನ ಮೇಲಿನ ಚಾಪೆ ತೆಗೆದಳು. ಲಾರಿ ಬಂತು, ಬಸ್ಸು ಬಂತು, ಮೇಷ್ಟ್ರು ಅವುಗಳ ಎದುರಿಗೆ ಓಡಿದರು, ಓಡಿದರು, ಓಡುತ್ತಲೇ ಇದ್ದರು. ಬೇರೆಯವರ ಕೈಗೆ ಬ್ರೇಕ್ ಕೊಟ್ಟು ಓಡುವುದರಲ್ಲಿ ಇಷ್ಟು ಸುಖವಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಐದು ನಿಮಿಷ ಮುಗಿದು ಇಳಿದಾಗ ಬಲಗಾಲು ಹೂವಿನಷ್ಟು ಹಗುರವಾಗಿತ್ತು. ಆ ಸಂತೋಷದಲ್ಲಿ ಟ್ರೈನರನನ್ನು ತಬ್ಬಿಕೊಂಡು, "ನಿನ್ನ ಋಣ ಹೇಗೆ ತೀರಿಸ್ಲೋ?" ಎಂದರು.

ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮಾಡುವ ಡಾಕ್ಟರಮ್ಮನೂ ಮೇಷ್ಟ್ರ ಶಿಷ್ಯೆಯೇ, ಅದೂ ಇನ್ನೂ ಕಲಿಯುತ್ತಲೇ ಇರುವ ಶಿಷ್ಯೆ. ಜನರ ಹೃದಯದ ಕವಾಟಗಳೆಲ್ಲ ಆಕೆಗೆ ಬಾಯಿಪಾಠ, ಆದರೆ ಕಾರಿನಲ್ಲಿ ಕೂತರೆ ಎಡ ಯಾವುದು, ಬಲ ಯಾವುದು ಎಂದು ಉಂಗುರ ನೋಡಿಕೊಳ್ಳುತ್ತಿದ್ದಳು. ಒಂದು ವರ್ಷದಿಂದ ಮೇಷ್ಟ್ರ ಬೈಗುಳ ತಿಂದಿದ್ದ ಆಕೆ ಈ ದಿನ ಬಿಳಿ ಕೋಟಿನಲ್ಲಿ ಕುತ್ತಿಗೆ ನೆಟ್ಟಗೆ ಮಾಡಿಕೊಂಡು ನಿಂತಿದ್ದಳು.

"ಭುಜ ಬಿಗಿ ಹಿಡೀಬೇಡಿ. ಮುಂದೆ ನೋಡಿ. ಕಾಲು ನೋಡ್ಕೊಂಡು ಯಾರಾದ್ರೂ ಓಡ್ತಾರಾ?" ಎಂದು ಗದರಿಸಿದಳು. ಮೇಷ್ಟ್ರ ಎದೆಗೆ ನಾಲ್ಕಾರು ತಂತಿ ಅಂಟಿಸಿದ್ದರಿಂದ ಅವರಿಗೆ ತಿರುಗಿ ಮಾತಾಡುವ ಧೈರ್ಯ ಬರಲಿಲ್ಲ. ಪಕ್ಕದಲ್ಲಿದ್ದ ನರ್ಸಿನ ಕಡೆ ಮಾತ್ರ ತಿರುಗಿದರು.

"ಸಿಸ್ಟರ್, ಇದನ್ನ ನಿಲ್ಸೋ ಗುಂಡಿ ನಿಮ್ಮ ಕೈಲೇ ಇದೆ ಅಲ್ವಾ?"

"ಇದೆ, ಯಾಕೆ?"

"ಏನಿಲ್ಲ ತಾಯಿ, ಅಲ್ಲೇ ಇರ್ಲಿ" ಎಂದು ಮೇಷ್ಟ್ರು ಓಡಿದರು. ಅದೇನು ಓಟ! ಕಾಗದದ ಮೇಲಿನ ಗೆರೆಗಳು ಎಲ್ಲೂ ಲಯ ತಪ್ಪದೆ ಬಂದವು. ಡಾಕ್ಟರಮ್ಮ ಸೋತ ಮುಖದಲ್ಲಿ ಸರ್ಟಿಫಿಕೇಟಿಗೆ ಸಹಿ ಹಾಕಿ, 'ಕೈಕಾಲುಗಳು ಅತ್ಯುತ್ತಮ' ಎಂದು ಬರೆದಳು. ಬರೆದವಳು ಗಡಿಯಾರ ನೋಡಿದಳು.

"ಆಫೀಸ್ ಮುಚ್ಚೋಕೆ ಇನ್ನು ಸ್ವಲ್ಪಾನೇ ಹೊತ್ತಿದೆ ಮೇಷ್ಟ್ರೇ. ಹೇಗೂ ನನ್ನ ಕ್ಲಾಸಿನ ಟೈಮು. ನಾನೇ ಓಡಿಸ್ತೀನಿ, ನಡೀರಿ."

ಬೇರೆ ದಿನವಾಗಿದ್ದರೆ ಮೇಷ್ಟ್ರು ಹತ್ತು ನೆಪ ಹೇಳುತ್ತಿದ್ದರು. ಈ ದಿನ ಮನಸ್ಸು ತಿಳಿಯಾಗಿತ್ತು. ಸರ್ಟಿಫಿಕೇಟನ್ನು ಜೇಬಿನಲ್ಲಿಟ್ಟುಕೊಂಡು ಸ್ಕೂಲಿನ ಕಾರಿನಲ್ಲಿ ತಮ್ಮ ಸೀಟಿಗೆ ಒರಗಿದರು. ದಾರಿಯುದ್ದಕ್ಕೂ ರಸ್ತೆ ಖಾಲಿಯಿತ್ತು. ಡಾಕ್ಟರಮ್ಮ ತನ್ನ ಎಂದಿನ ಧೈರ್ಯದಲ್ಲಿ ಓಡಿಸಿದಳು. ಮೇಷ್ಟ್ರು ಹೆಂಡತಿಗೆ ಹೇಗೆ ಸುದ್ದಿ ಹೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದರು.

ಲೈಸೆನ್ಸ್ ಆಫೀಸಿನ ಗೇಟು ಹಾಕಿತ್ತು. ಅದರ ಮುಂದೆ ಲೈಸೆನ್ಸ್ ಕೊಡುವ ಇನ್ಸ್‌ಪೆಕ್ಟರ್ ಸಾಹೇಬರೇ ಕಪ್ಪು ಹಿಡಿದು ಟೀ ಕುಡಿಯುತ್ತ ನಿಂತಿದ್ದರು. ಕಾರು ನೇರ ಅವರ ಟೀ ಕಡೆಗೇ ಹೊರಟಿತ್ತು.

"ಬ್ರೇಕ್!" ಎಂದರು ಮೇಷ್ಟ್ರು.

ಡಾಕ್ಟರಮ್ಮ ನಿಶ್ಚಿಂತೆಯಾಗಿದ್ದಳು. ಮೇಷ್ಟ್ರು ಬ್ರೇಕ್ ಎಂದರೆ ಬ್ರೇಕ್ ಬೀಳುತ್ತದೆ, ಒಂದು ವರ್ಷದಿಂದ ಹಾಗೇ ನಡೆದಿತ್ತು.

ಮೇಷ್ಟ್ರು ತಮ್ಮ ಬಲಗಾಲನ್ನು ನೋಡಿದರು. ಅದು ರಜೆಯಲ್ಲಿತ್ತು. ನಿಲ್ಲಿಸುವ ಜವಾಬ್ದಾರಿ ಬೇರೆ ಯಾರದೋ ಎಂಬ ಸುಖದಲ್ಲಿ ಮ್ಯಾಟಿನ ಮೇಲೆ ಹಾಯಾಗಿ ಒರಗಿತ್ತು. "ತುಳಿಯೋ!" ಎಂದು ಅದನ್ನು ಮನಸ್ಸಿನಲ್ಲೇ ಬೇಡಿಕೊಂಡರು. ಅದು ಓಡಲು ರೆಡಿಯಾಗಿ ಒಂದಿಷ್ಟು ಮೇಲಕ್ಕೆದ್ದಿತೇ ಹೊರತು ತುಳಿಯಲಿಲ್ಲ.

"ಮೇಷ್ಟ್ರೇ, ಬ್ರೇಕು!" ಎಂದಳು ಡಾಕ್ಟರಮ್ಮ.

"ನೀವು ಹಾಕ್ರೀ!"

"ನಾನಾ? ಎಲ್ಲಿದೆ ಅದು?"

"ಮಧ್ಯದ್ದು! ಮಧ್ಯದ್ದು ಕಣ್ರೀ!" ಎಂದು ಮೇಷ್ಟ್ರು ಕಣ್ಣು ಮುಚ್ಚಿದರು.

ಮುಚ್ಚಿದ ಕಣ್ಣಿಗೆ ಸಾಹೇಬರ ಟೀ, ಸಾಹೇಬರು, ಕೋರ್ಟು, ಹೆಂಡತಿ ಎಲ್ಲ ಕಂಡರು. ಆದರೆ ಯಾವ ಸದ್ದೂ ಕೇಳಲಿಲ್ಲ. ಮೆಲ್ಲಗೆ ಕಣ್ಣು ಬಿಟ್ಟರೆ ಕಾರು ನಿಂತಿತ್ತು. ಕುಲುಕದೆ, ಕಿರುಚದೆ, ಗೇಟಿಗೆ ಒಂದು ಗೇಣು ಉಳಿಸಿ ನಿಂತಿತ್ತು. ಸಾಹೇಬರ ಕಪ್ಪಿನಿಂದ ಒಂದು ತೊಟ್ಟೂ ಚೆಲ್ಲಿರಲಿಲ್ಲ. ಡಾಕ್ಟರಮ್ಮ ಬಗ್ಗಿ ತನ್ನ ಕಾಲಿನ ಕೆಳಗೆ ನೋಡುತ್ತ, "ಅಯ್ಯೋ, ಇಷ್ಟೇನಾ!" ಎಂದಳು.

ಇನ್ಸ್‌ಪೆಕ್ಟರ್ ಸಾಹೇಬರು ಹತ್ತಿರ ಬಂದರು. "ಮೇಷ್ಟ್ರೇ, ನಿಮ್ಮ ಸ್ಕೂಲಿನ ಕಾರು ಇಷ್ಟು ನಾಜೂಕಾಗಿ ನಿಂತಿದ್ದನ್ನ ನಾನು ಇವತ್ತೇ ನೋಡಿದ್ದು. ಯಾವಾಗ್ಲೂ ಗೋಡೆಗೆ ಗುದ್ದಿದ ಹಾಗೆ ನಿಲ್ತಿತ್ತು. ಈಯಮ್ಮನಿಗೆ ಈಗಲೇ ಟೆಸ್ಟು ಮಾಡಿಬಿಡೋಣ" ಎಂದು ಕಪ್ಪನ್ನು ಗೇಟಿನ ಕಂಬದ ಮೇಲಿಟ್ಟು ಹಿಂದಿನ ಸೀಟು ಹತ್ತಿದರು. ಡಾಕ್ಟರಮ್ಮ ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಬೀದಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ಓಡಿಸಿ, ಮತ್ತೆ ಗೇಟಿನ ಮುಂದೆಯೇ ತಂದು ನಿಲ್ಲಿಸಿದಳು. ಪಾಸಾದಳು. ಸಂತೋಷ ತಡೆಯಲಾರದೆ ಬಾಯಿಬಿಟ್ಟಳು.

"ನನಗೆ ಗೊತ್ತೇ ಇರ್ಲಿಲ್ಲ ಸರ್, ಇದು ಇಷ್ಟು ಸುಲಭ ಅಂತ. ಇಷ್ಟು ದಿನ ಮೇಷ್ಟ್ರೇ ಹಾಕ್ತಿದ್ರು."

ಸಾಹೇಬರ ಮುಖದ ನಗು ಆರಿತು. ಅವರು ಕಾರಿನಿಂದಿಳಿದು, ಮುಂದಿನ ಬಾಗಿಲು ತೆಗೆದು ಬಗ್ಗಿದರು. ಶಿಷ್ಯರ ಕಡೆಯ ಬ್ರೇಕಿನ ರಬ್ಬರು ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇತ್ತು, ಗೆರೆ ಕೂಡ ಮಾಸಿರಲಿಲ್ಲ. ಮೇಷ್ಟ್ರ ಕಡೆಯದರಲ್ಲಿ ರಬ್ಬರೇ ಉಳಿದಿರಲಿಲ್ಲ. ಕಬ್ಬಿಣ ಸವೆದು ಬೆಳ್ಳಿ ಚಮಚದ ಹಾಗೆ ಹೊಳೆಯುತ್ತಿತ್ತು. ಸಾಹೇಬರು ಅದರ ಮೇಲೆ ಬೆರಳಾಡಿಸಿದರು.

"ಇಪ್ಪತ್ತೆರಡು ವರ್ಷ" ಎಂದರು. "ಇಪ್ಪತ್ತೆರಡು ವರ್ಷದಿಂದ ಈ ಊರಿನೋರಿಗೆ ನಾವು ಕೊಟ್ಟಿದ್ದು ನಿಮ್ಮ ಕಾಲಿನ ಲೈಸೆನ್ಸು."

ಮೇಷ್ಟ್ರ ಜೀವ ಬಾಯಿಗೆ ಬಂತು. ಜೇಬಿನಿಂದ ಸರ್ಟಿಫಿಕೇಟ್ ತೆಗೆದು ಮುಂದೆ ಹಿಡಿದರು. ಸಾಹೇಬರು ಓದಿದರು, ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಪೆನ್ನು ತೆಗೆದರು. ಮೇಷ್ಟ್ರು ಮನಸ್ಸಿನಲ್ಲೇ ಸ್ಕೂಲಿಗೆ ಬೀಗ ಹಾಕಿಕೊಂಡರು. ಆದರೆ ಸಾಹೇಬರು ಸಹಿ ಹಾಕಿ, ಜೇಬಿನಿಂದ ಸೀಲು ತೆಗೆದು ಒತ್ತಿದರು.

"ತಗೊಳ್ಳಿ, ಇನ್ನೈದು ವರ್ಷ ಕಲಿಸಿ. ಒಂದೇ ಷರತ್ತು. ಪಕ್ಕದಲ್ಲೇ ಗ್ಯಾರೇಜ್ ಇದೆ. ನಿಮ್ಮ ಕಡೆ ಬ್ರೇಕು ಈಗಲೇ ಕಿತ್ತು ಹಾಕ್ಸಬೇಕು."

"ಸಾಹೇಬ್ರೇ! ಅದಿಲ್ದೆ ನಾನು ಪಕ್ಕದಲ್ಲಿ ಹೇಗೆ ಕೂರ್ಲಿ? ಏನಾದ್ರೂ ಆದ್ರೆ?"

"ಆದ್ರೆ ಬಾಗ್ಲು ತೆಗೆದು ಓಡಿ. ನಿಮ್ಮ ಕೈಕಾಲು ಅತ್ಯುತ್ತಮ ಅಂತ ಡಾಕ್ಟ್ರೇ ಬರೆದಿದಾರಲ್ಲ" ಎಂದು ಸಾಹೇಬರು ಆರಿದ ಟೀ ಕುಡಿದು ಒಳಗೆ ಹೋದರು. ಡಾಕ್ಟರಮ್ಮ ತನ್ನ ಹೊಸ ಲೈಸೆನ್ಸು ತೆಗೆದುಕೊಳ್ಳಲು ಅವರ ಹಿಂದೆಯೇ ಹೋದಳು.

ಗ್ಯಾರೇಜಿನವನು ಪೆಡಲನ್ನು ಕಿತ್ತು ಪೇಪರಿನಲ್ಲಿ ಸುತ್ತಿ ಮೇಷ್ಟ್ರ ಕೈಗೆ ಕೊಟ್ಟ. ಮೇಷ್ಟ್ರು ಅದನ್ನು ಎದೆಗವಚಿಕೊಂಡು ಸುಮ್ಮನೆ ತಮ್ಮ ಸೀಟಿನಲ್ಲೇ ಕೂತುಬಿಟ್ಟರು. ಕೆಲಸ ಉಳಿಯಿತೆಂದು ನಗಬೇಕೋ, ಅಳಬೇಕೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಚಾಲಕನ ಕಡೆಯ ಬಾಗಿಲು ತೆಗೆದು ಒಬ್ಬರು ಧೊಪ್ಪನೆ ಕೂತರು. ಕಾರು ಆ ಕಡೆಗೆ ವಾಲಿತು. ಮೇಷ್ಟ್ರು ತಿರುಗಿ ನೋಡಿದರೆ ಜಿಮ್ಮಿನ ಟ್ರೈನರ್.

"ಪಾಸಾದ್ರಂತಲ್ಲ ಮೇಷ್ಟ್ರೇ! ಕ್ಲಿನಿಕ್ಕಿನ ಸಿಸ್ಟರ್ ಹೇಳಿದ್ರು, ಲೈಸೆನ್ಸ್ ಆಫೀಸಿನ ಹತ್ರ ಸಿಕ್ತೀರಿ ಅಂತ. ಋಣ ಹೇಗೆ ತೀರಿಸ್ಲಿ ಅಂತ ಕೇಳಿದ್ರಲ್ಲ, ದುಡ್ಡುಗಿಡ್ಡು ಏನೂ ಬೇಡ. ಕಾರು ಕಲಿಸಿ. ಗೇರು, ಕ್ಲಚ್ಚು ಎಲ್ಲ ಗೊತ್ತು ನಂಗೆ, ವಿಡಿಯೋದಲ್ಲಿ ನೋಡಿದೀನಿ."

"ಇವತ್ತು ಬೇಡ ಕಣೋ! ಇಳಿ, ಒಂದ್ನಿಮಿಷ ನಾನು ಹೇಳೋದು ಕೇಳು..."

ಅವನು ಕೀಲಿ ತಿರುಗಿಸಿಯಾಗಿತ್ತು. ಕಾರು ಒಂದು ಸಲ ಛಂಗನೆ ಜಿಗಿದು ಗ್ಯಾರೇಜಿನಿಂದ ಆಚೆಗೆ ಬಿತ್ತು. ಆಫೀಸು ಬಿಟ್ಟ ಹೊತ್ತು. ಎದುರಿನಿಂದ ಬಸ್ಸು, ಲಾರಿ, ಸ್ಕೂಟರು ಎಲ್ಲ ಒಟ್ಟಿಗೆ ಬರುತ್ತಿದ್ದವು.

ಆಗ ಮೇಷ್ಟ್ರ ಬಲಗಾಲಿನ ರಜೆ ಮುಗಿಯಿತು. ಇಪ್ಪತ್ತೆರಡು ವರ್ಷದ ಶಕ್ತಿಯನ್ನೆಲ್ಲ ಒಟ್ಟುಮಾಡಿಕೊಂಡು ಅದು ಧಡ್ಡನೆ ತುಳಿಯಿತು. ಬರಿಯ ತಗಡು ಠಣ್ ಎಂದಿತು. ಮತ್ತೆ ತುಳಿಯಿತು, ಮತ್ತೆ ಠಣ್.

"ಸ್ಪೀಡು ಇನ್ನೂ ಸ್ವಲ್ಪ ಜಾಸ್ತಿ ಮಾಡ್ಲಾ ಮೇಷ್ಟ್ರೇ?" ಎಂದ ಟ್ರೈನರ್. "ಯಾಕೆ ಮುಖ ಹಾಗೆ ಮಾಡ್ಕೊಂಡಿದೀರಿ? ನಂಗೇನೂ ಭಯ ಇಲ್ಲ. ಪಕ್ಕದಲ್ಲಿ ನೀವಿದೀರಲ್ಲ!"